ಆಯಿ ಎಂಬ ಶಬ್ದ

ಮರಾಠಿಯಲ್ಲಿ ‘ಆಯೀ’ ಎಂದರೆ ತಾಯಿ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಆಳಂದ, ಇಂಡಿ ತಾಲೂಕುಗಳ ಕನ್ನಡ ಮನೆಗಳಲ್ಲಿ ‘ಆಯಿ’ ಎಂದರೆ ಅಜ್ಜಿ. ಮರಾಠಿಯ ‘ತಾಈ’ ಅಕ್ಕ. ಕನ್ನಡದ ‘ತಾಯಿ’ ಹೆತ್ತವಳು. ಎರಡು ಭಾಷೆಗಳ ನಡುವೆ ದಿನವೂ ಓಡಾಡುವ ಈ ಸೀಮೆಯ ಜನರಿಗೆ ಇದರಿಂದ ತೊಡಕೇನೂ ಆಗುವುದಿಲ್ಲ. ಸಂತೆಯಲ್ಲಿ ಒಂದು, ಅಡುಗೆಮನೆಯಲ್ಲಿ ಇನ್ನೊಂದು ಎಂದು ನಾಲಗೆ ತಾನಾಗಿಯೇ ಹೊರಳುತ್ತದೆ. ಆದರೆ 2023ರ ಬೇಸಿಗೆಯಲ್ಲಿ ಸೊಲ್ಲಾಪುರದ ಒಂದು ಚಿಕಿತ್ಸಾಲಯದ ಕಡತದೊಳಗೆ ಅಕ್ಕಲಕೋಟೆಯ ಗೃಹಿಣಿಯೊಬ್ಬಳ ಹೆಸರಿನ ಕೆಳಗೆ ‘ಬಾಲ್ಯದಲ್ಲಿ ತಾಯಿಯ ಮರಣ’ ಎಂದು ಬರೆಯಲ್ಪಟ್ಟಿತು. ಆ ತಾಯಿ ಅದೇ ಹೊತ್ತಿಗೆ ಅಕ್ಕಲಕೋಟೆಯ ಮನೆಯಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದಳು. ನಡೆಯದೆ ಇದ್ದ ಸಾವಿನ ಮೇಲೆ ನಾಲ್ಕು ಭೇಟಿಗಳ ಚಿಕಿತ್ಸೆ ಕಟ್ಟಲ್ಪಟ್ಟಿತು.

ಹೆಸರು ಬರೆಯಬಾರದೆಂಬುದು ಆಕೆಯ ಒಂದೇ ಕರಾರು. ವಯಸ್ಸು ಆಗ ಮೂವತ್ತೊಂಬತ್ತು. ವಟವೃಕ್ಷ ಸ್ವಾಮಿ ಸಮರ್ಥರ ಗುಡಿಗೆ ಹೋಗುವ ದಾರಿಯಲ್ಲಿ ಪತಿಯ ತೆಂಗಿನಕಾಯಿ-ಹೂವಿನ ಅಂಗಡಿ ಇದೆ. ಆಕೆ ಓಣಿಯ ನಾಲ್ವರು ಹೆಂಗಸರೊಂದಿಗೆ ಕೂಡಿ, ಬಚತ್ ಗಟದ ಹೆಸರಿನಲ್ಲಿ ಕಡಕ್ ರೊಟ್ಟಿ ಬಡಿದು ಸೊಲ್ಲಾಪುರದ ಅಂಗಡಿಗಳಿಗೆ ಕಳಿಸುತ್ತಾಳೆ. ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ಮರಾಠಿಯಲ್ಲಿ ವ್ಯಾಪಾರ ಮಾಡುತ್ತಾಳೆ, ಬೇಕಾದರೆ ಜಗಳವನ್ನೂ ಆಡುತ್ತಾಳೆ. ಭಾಷೆ ಆಕೆಗೊಂದು ತಡೆಯೆಂದು ನೋಡಿದವರಾರಿಗೂ ತೋರುವಂತಿಲ್ಲ. ತೋರದೆ ಇದ್ದುದರಿಂದಲೇ ಅದು ಬಹುಕಾಲ ಯಾರ ಗಮನಕ್ಕೂ ಬರಲಿಲ್ಲ.

1993ರ ಸಪ್ಟಂಬರ 30. ಹಿಂದಿನ ದಿನವಷ್ಟೇ ಗಣಪತಿ ವಿಸರ್ಜನೆ ಮುಗಿಸಿ ಊರುಗಳು ತಡವಾಗಿ ಮಲಗಿದ್ದವು. ನಸುಕಿನ 3 ಗಂಟೆ 56 ನಿಮಿಷಕ್ಕೆ ಲಾತೂರ ಜಿಲ್ಲೆಯ ಕಿಲ್ಲಾರಿಯ ಸುತ್ತಲಿನ ಭೂಮಿ ನಡುಗಿತು. ಸೊಲ್ಲಾಪುರ, ಅಕ್ಕಲಕೋಟೆಗಳಲ್ಲಿಯೂ ಜನ ಹಾಸಿಗೆ ಬಿಟ್ಟು ಬೀದಿಗೆ ಓಡಿ ಬಂದರು. ಕಂಪನದ ಪ್ರಮಾಣ 6.2ರ ಆಸುಪಾಸು. ಭೂಮಿಯ ಇತಿಹಾಸದಲ್ಲಿ ಅದೇನು ದೊಡ್ಡ ಅಂಕಿಯಲ್ಲ. ಸತ್ತವರ ಸಂಖ್ಯೆ ಮಾತ್ರ ಹತ್ತು ಸಾವಿರದ ಸಮೀಪಕ್ಕೆ ಹೋಯಿತು. ಕಾರಣ ಮನೆಗಳಲ್ಲಿತ್ತು. ಒರಟು ಕಲ್ಲುಗಳನ್ನು ಕೆಸರಿನಲ್ಲಿ ಕೂಡಿಸಿ ಎಬ್ಬಿಸಿದ ದಪ್ಪ ಗೋಡೆಗಳು, ತೊಲೆ-ಜಂತಿಗಳ ಮೇಲೆ ಮಣ್ಣಿನ ಮಾಳಿಗೆ. ಮಳೆಗೆ ಸೋರಬಾರದೆಂದು ವರ್ಷವರ್ಷವೂ ಮೇಲೆ ಮಣ್ಣು ಹಾಕುತ್ತ ಹೋದಂತೆ ಮಾಳಿಗೆಯ ಭಾರ ಬೆಳೆಯುತ್ತದೆ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಅಕ್ಕಲಕೋಟೆ, ಆಳಂದದ ಹಳ್ಳಿಗಳಲ್ಲಿಯೂ ಹಿರಿಯರು ಕಟ್ಟಿದ್ದು ಅದೇ ಮನೆ. ಆ ನಸುಕಿನಲ್ಲಿ ಆ ಮಾಳಿಗೆಗಳು ಮಲಗಿದವರ ಮೇಲೆ ಇಳಿದವು.

ಆಕೆಯ ತಾಯಿಯ ತವರು ಕಿಲ್ಲಾರಿಗೆ ಹತ್ತಿರದ ಒಂದು ಹಳ್ಳಿ. ಆಯಿ ಆಳಂದ ಸೀಮೆಯಿಂದ ಮದುವೆಯಾಗಿ ಆ ಮರಾಠಿ ಊರಿಗೆ ಹೋದವಳು. ಊರವರೊಂದಿಗೆಲ್ಲ ಮರಾಠಿ, ಮಗಳು, ಮೊಮ್ಮಗಳೊಂದಿಗೆ ಮಾತ್ರ ಕನ್ನಡ. ಒಂಬತ್ತು ವರ್ಷದ ಮೊಮ್ಮಗಳು ಶಾಲೆ ತಪ್ಪಿಸಿ ಗಣಪತಿ ಹಬ್ಬಕ್ಕೆ ಹೋಗಿದ್ದಳು. ಹಲಗಿ, ಲೇಜಿಮುಗಳ ಸದ್ದು ಕಿವಿಯಲ್ಲಿ ಇರುವಾಗಲೇ ಒಳಕೋಣೆಯಲ್ಲಿ ಇಬ್ಬರೂ ಒಂದೇ ಕೌದಿಯೊಳಗೆ ಮಲಗಿದ್ದರು. ಎಚ್ಚರವಾದಾಗ ಬಾಯಿತುಂಬ ಮಣ್ಣು. ಒಂದು ತೊಲೆ ಗೋಡೆಗೆ ಅಡ್ಡವಾಗಿ ಸಿಕ್ಕಿಕೊಂಡು ಹುಡುಗಿಯ ಎದೆಯ ಮೇಲೆ ಉಸಿರಾಡುವಷ್ಟು ಜಾಗ ಉಳಿಸಿತ್ತು. ಆಯಿಯ ಕೈ ಸಿಗುತ್ತಿರಲಿಲ್ಲ, ಧ್ವನಿ ಸಿಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ನೆರೆಯವರು ಬರಿಗೈಯಿಂದ ಮಣ್ಣು ತೆಗೆದು ಹುಡುಗಿಯನ್ನು ಎತ್ತಿದರು. ಆಯಿಯ ಧ್ವನಿ ಅದಕ್ಕೂ ಬಹಳ ಮೊದಲೇ ನಿಂತಿತ್ತು.

ಇಷ್ಟು ಮನೆಯವರೆಲ್ಲರಿಗೂ ತಿಳಿದ ಸಂಗತಿ. ತಿಳಿಯದ ಸಂಗತಿಯೊಂದು ಇತ್ತು; ಅದು ಮುಂದೆ ಬರುತ್ತದೆ.

1994ರಿಂದ ವಿಶ್ವಬ್ಯಾಂಕಿನ ನೆರವಿನಲ್ಲಿ ದೊಡ್ಡ ಪುನರ್ವಸತಿ ಕಾರ್ಯ ನಡೆಯಿತು. ನೆಲಸಮವಾದ ಊರುಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಿದರು. ಮನೆಗಳ ಪಟ್ಟಿಯಾಯಿತು, ಮೃತರ ಪಟ್ಟಿಯಾಯಿತು, ಅನಾಥ ಮಕ್ಕಳ ಪಟ್ಟಿಯಾಯಿತು. ತಂದೆತಾಯಿಗಳಿಬ್ಬರೂ ಬದುಕಿದ್ದ, ಬೇರೆ ಜಿಲ್ಲೆಯ, ಕಾಲಿನ ಗಾಯ ಮಾಯ್ದಿದ್ದ ಹುಡುಗಿ ಯಾವ ಪಟ್ಟಿಯಲ್ಲಿಯೂ ಸೇರುವಂತಿರಲಿಲ್ಲ. ಮನಸ್ಸಿಗೆ ಬಿದ್ದ ಪೆಟ್ಟು ವರ್ಷಗಟ್ಟಲೆ ಉಳಿಯಬಲ್ಲದೆಂದು, ಅದು ಒಂದು ವ್ಯಾಧಿಯೆಂದು ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿಯೇ ಹೆಸರಿಟ್ಟು ಬರೆದಿತ್ತು. ಅಕ್ಕಲಕೋಟೆಯ ಓಣಿಯಲ್ಲಿ ಅದಕ್ಕೆ ಇದ್ದ ಹೆಸರು ‘ಅಂಜಿಕಿ’.

ಆಕೆ ಮಾಳಿಗೆಯ ಕೆಳಗೆ ಮಲಗಲಿಲ್ಲ. ಮೊದಲು ಅಂಗಳ, ಮದುವೆಯಾದ ಮೇಲೆ ಗಂಡನ ಮನೆಯ ಕಟ್ಟೆ. ಮಳೆ ಬಂದರೆ ಬಾಗಿಲ ಚೌಕಟ್ಟಿಗೆ ಒರಗಿ ಬೆಳಗಿನವರೆಗೆ ಕುಳಿತಿರುವುದು. ಮಣ್ಣಿನ ಮನೆ ಹೋಗಿ ಸಿಮೆಂಟಿನ ಸ್ಲ್ಯಾಬು ಬಂದರೂ ಆಕೆಗೆ ಎರಡೂ ಒಂದೇ. ಚಿಲಕ ಹಾಕಿದ ಕೋಣೆಯಲ್ಲಿ ಉಸಿರು ಕಟ್ಟುತ್ತಿತ್ತು. ಗಣಪತಿ ಕಳಿಸುವ ರಾತ್ರಿ ಹಲಗಿಯ ಸದ್ದು ಕೇಳಿದೊಡನೆ ಬಾಯಲ್ಲಿ ಮಣ್ಣಿನ ರುಚಿ ಬರುತ್ತಿತ್ತು. 2001ರ ಜನವರಿ 26ರಂದು ಭುಜ್ ನಡುಗಿದಾಗ ಒಂದು ವಾರ ಅನ್ನ ಸೇರಲಿಲ್ಲ. ಅತ್ತೆ ಸ್ವಾಮಿ ಸಮರ್ಥರ ಗುಡಿಗೆ ಕರೆದೊಯ್ದಳು, ಆಲದ ಮರದ ಬಳಿ ಕುಳ್ಳಿರಿಸಿದಳು, ಅಂಗಾರ ಹಚ್ಚಿದಳು. ಅಲ್ಲಿ ಕುಳಿತಷ್ಟು ಹೊತ್ತು ಸಮಾಧಾನವಿರುತ್ತಿತ್ತು ಎಂದು ಆಕೆ ಇಂದಿಗೂ ಹೇಳುತ್ತಾಳೆ. ಆ ಸಮಾಧಾನವನ್ನು ಅಲ್ಲಗಳೆಯುವ ಕಾರಣವಿಲ್ಲ. ಅದು ರಾತ್ರಿಯವರೆಗೆ ಬರುತ್ತಿರಲಿಲ್ಲ, ಅಷ್ಟೇ. ನಿದ್ರೆಯ ಗುಳಿಗೆಗಳೂ ಬಂದು ಹೋದವು.

2023ರ ಫೆಬ್ರುವರಿ 6ರಂದು ತುರ್ಕಸ್ತಾನ ಮತ್ತು ಸಿರಿಯಾದಲ್ಲಿ ಭೂಕಂಪವಾಯಿತು. ಈ ಸಲ ದೃಶ್ಯಗಳು ಟಿ.ವಿ.ಯಲ್ಲಿ ಮಾತ್ರವಲ್ಲ, ಮಗಳ ಮೊಬೈಲಿನಲ್ಲಿ, ಅಂಗೈಯಗಲದಲ್ಲಿ ಬಂದವು. ಕುಸಿದ ಮನೆಯಡಿಯಿಂದ ಹೊರಚಾಚಿದ ಮಗಳ ಕೈಯನ್ನು ಹಿಡಿದು ಕುಳಿತ ತಂದೆಯ ಚಿತ್ರವನ್ನು ಲೋಕವೆಲ್ಲ ನೋಡಿತು. ಆಕೆಯೂ ನೋಡಿದಳು. ಅಂದಿನಿಂದ ಹದಿನೆಂಟು ದಿನ ಮನೆಯೊಳಗೆ ಕಾಲಿಡಲಿಲ್ಲ. ರೊಟ್ಟಿ ಬಡಿಯುವುದೂ ನಿಂತಿತು. ಬಚತ್ ಗಟದ ಹೆಂಗಸರು ಮನೆಯವರಿಗಿಂತ ಮೊದಲು ಎಚ್ಚತ್ತರು. ಇದು ಅಂಜಿಕೆಯಲ್ಲ, ಬೇನೆ. ಡಾಕ್ಟರರಿಗೆ ತೋರಿಸಬೇಕೆಂದು ಅವರೇ ಹಟ ಹಿಡಿದರು. ಮಾರ್ಚಿನಿಂದ ಎಸ್.ಟಿ. ಬಸ್ಸಿನಲ್ಲಿ ಮಹಿಳೆಯರಿಗೆ ಅರ್ಧ ತಿಕೀಟು ಆಯಿತು. ವಾರವಾರ ಸೊಲ್ಲಾಪುರಕ್ಕೆ ಹೋಗಿಬರುವ ಮಾತು ಮನೆಯಲ್ಲಿ ಒಪ್ಪಿಗೆಯಾದದ್ದರಲ್ಲಿ ಆ ಅರ್ಧ ತಿಕೀಟಿನ ಪಾಲೂ ಉಂಟು.

ಮೊದಲು ಹೋದ ಚಿಕಿತ್ಸಾಲಯದಲ್ಲಿ ಒಳ್ಳೆಯ ಮನಸ್ಸಿನ ಆಪ್ತಸಮಾಲೋಚಕರೊಬ್ಬರು ಎಲ್ಲವನ್ನೂ ಬಿಡಿಸಿ ಹೇಳಲು ಕೇಳಿದರು. ಆಕೆ ಮರಾಠಿಯಲ್ಲಿ ಹೇಳಿದಳು. ವರದಿ ಓದಿದಂತೆ, ಎಲ್ಲಿಯೂ ತಡವರಿಸದೆ, ಹನಿ ಕಣ್ಣೀರಿಲ್ಲದೆ ಹೇಳಿದಳು. ಎಲ್ಲ ಶಬ್ದಗಳೂ ಮರಾಠಿಯವೇ. ‘ಆಯಿ’ ಎಂಬ ಒಂದು ಮಾತ್ರ ಬೇರೆ ರೂಪದಲ್ಲಿ ಬಾಯಿಗೆ ಬರಲಿಲ್ಲ. ‘ಆಜೀ’ ಎನ್ನಬೇಕಾದಲ್ಲೆಲ್ಲ ‘ಆಯಿ’ ಎಂದಳು. ಕೇಳಿದವರು ತಾಯಿಯೆಂದು ಬರೆದುಕೊಂಡರು. ಹೇಳಿ ಬಂದ ದಿನದಿಂದ ಮೂರು ರಾತ್ರಿ ಕಣ್ಣು ಮುಚ್ಚಲಿಲ್ಲ. ನಾಲ್ಕನೆಯ ಭೇಟಿಯಲ್ಲಿ ಸಮಾಲೋಚಕರು, ತೀರಿಹೋದ ತಾಯಿಗೆ ಒಂದು ಪತ್ರ ಬರೆಯಿರಿ ಎಂದಾಗ ಗೊಂದಲ ಬಯಲಾಯಿತು. ಆಕೆ ನಕ್ಕಳು. ಮತ್ತೆ ಅಲ್ಲಿಗೆ ಹೋಗಲಿಲ್ಲ.

ಜೂನಿನಲ್ಲಿ ಭೇಟಿಯಾದ ಚಿಕಿತ್ಸಕಿ ಇ.ಎಂ.ಡಿ.ಆರ್. ಪದ್ಧತಿಯಲ್ಲಿ ತರಬೇತಿ ಪಡೆದವರು. ಕಣ್ಣುಗಳ ಚಲನೆಯ ಮೂಲಕ ನೋವಿನ ನೆನಪಿನ ಮೊನೆಯನ್ನು ಮೊಂಡಾಗಿಸಿ, ಅದನ್ನು ಬದುಕಿನ ಉಳಿದ ನೆನಪುಗಳ ನಡುವೆ ಮರಳಿ ಜೋಡಿಸುವ ಚಿಕಿತ್ಸೆ ಎಂದು ಅದನ್ನು ಕನ್ನಡದಲ್ಲಿ ವಿವರಿಸಬಹುದು. ಇದರ ಹುಟ್ಟು ವಿಚಿತ್ರವಾದದ್ದು. 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ರಾನ್ಸಿನ್ ಶಪೀರೋ ಒಂದು ಉದ್ಯಾನದಲ್ಲಿ ನಡೆಯುತ್ತಿದ್ದಾಗ, ಕಾಡುತ್ತಿದ್ದ ಯೋಚನೆಗಳ ಕಾವು ತಾನಾಗಿ ಇಳಿದುದನ್ನೂ ಅದೇ ಹೊತ್ತಿಗೆ ತನ್ನ ಕಣ್ಣುಗಳು ಎಡಬಲಕ್ಕೆ ವೇಗವಾಗಿ ಚಲಿಸುತ್ತಿದ್ದುದನ್ನೂ ಗಮನಿಸಿದರು. 1989ರಲ್ಲಿ ಮೊದಲ ಅಧ್ಯಯನ ಪ್ರಕಟವಾಯಿತು. ಆಮೇಲೆ ಅದು ಎಂಟು ಹಂತಗಳ ಪೂರ್ಣ ಪದ್ಧತಿಯಾಗಿ ಬೆಳೆಯಿತು. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಆಘಾತೋತ್ತರ ವ್ಯಾಧಿಗೆ ಸೂಚಿಸಿದ ಚಿಕಿತ್ಸೆಗಳಲ್ಲಿ ಇದನ್ನೂ ಸೇರಿಸಿತು. ಭಾರತದಲ್ಲಿ ಈ ಪದ್ಧತಿ ಬೇರೂರಿದ್ದು ಭುಜ್ ಭೂಕಂಪದ ತರುವಾಯ. ಹೊರದೇಶದ ಚಿಕಿತ್ಸಕರು ಗುಜರಾತಿಗೆ ಬಂದು ಇಲ್ಲಿನವರಿಗೆ ಕಲಿಸಿದರು. ಮುಂಬಯಿಯ ಮನಶ್ಶಾಸ್ತ್ರಜ್ಞೆ ಸುಷ್ಮಾ ಮೆಹ್ರೋತ್ರಾ ಮೊದಲಾದವರು ಆ ತರಬೇತಿಯನ್ನು ಮುಂದುವರಿಸಿದರು. ಕಿಲ್ಲಾರಿಗೆ ಅದು ಎಂಟು ವರ್ಷ ತಡ.

ಬೆರಳು ಆಡಿಸಿದರೆ ದುಃಖ ಹೋಗುತ್ತದೆಯೇ ಎಂದು ನಗುವವರಿದ್ದಾರೆ. ಪಂಡಿತರಲ್ಲಿಯೂ ಇದ್ದರು, ಇದ್ದಾರೆ. 2001ರ ಒಂದು ಸಮಗ್ರ ವಿಶ್ಲೇಷಣೆ, ಕಣ್ಣಿನ ಚಲನೆಯಿಂದ ಹೆಚ್ಚಿನ ಲಾಭವೇನೂ ಕಾಣದು, ಗುಣವಾಗುವುದು ನೆನಪನ್ನು ಧೈರ್ಯದಿಂದ ಎದುರಿಸುವುದರಿಂದ ಎಂಬ ಅರ್ಥದ ತೀರ್ಮಾನಕ್ಕೆ ಬಂದಿತು; 2013ರ ಇನ್ನೊಂದು ವಿಶ್ಲೇಷಣೆ ಚಲನೆಗೂ ಪಾಲುಂಟು ಎಂದಿತು. ನೆದರ್ಲೆಂಡಿನ ಸಂಶೋಧಕರು ಕೊಟ್ಟ ವಿವರಣೆ ಸಾಮಾನ್ಯರಿಗೂ ಅರ್ಥವಾಗುವಂಥದು. ಮನಸ್ಸಿನ ಕೆಲಸದ ಹಲಗೆ ಚಿಕ್ಕದು. ನೆನಪನ್ನು ಅದರ ಮೇಲೆ ಎಳೆದು ತಂದು, ಅದೇ ಕ್ಷಣದಲ್ಲಿ ಚಲಿಸುವ ಬೆರಳನ್ನು ಹಿಂಬಾಲಿಸುವ ಕೆಲಸವನ್ನೂ ಕೊಟ್ಟರೆ ಎರಡಕ್ಕೂ ಜಾಗ ಸಾಲದು. ನೆನಪಿನ ಬಣ್ಣ ಮಾಸುತ್ತದೆ, ಮಾಸಿದ ರೂಪದಲ್ಲಿಯೇ ಅದು ಮರಳಿ ಕಪಾಟು ಸೇರುತ್ತದೆ. ವಾದ ಇನ್ನೂ ಮುಗಿದಿಲ್ಲ. ರೋಗಿಗೆ ವಾದದ ಮುಕ್ತಾಯದವರೆಗೆ ಕಾಯುವ ವ್ಯವಧಾನವಿರುವುದಿಲ್ಲ ಎಂಬುದೂ ನಿಜ.

ಮೊದಲ ಮೂರು ಭೇಟಿಗಳಲ್ಲಿ ಬೆರಳು ಅಲುಗಲೇ ಇಲ್ಲ. ಅಪಸ್ಮಾರವಿದೆಯೇ, ಕಣ್ಣಿನ ಬೇನೆಯಿದೆಯೇ, ಇದ್ದಕ್ಕಿದ್ದಂತೆ ಮೈಮರೆಯುವುದುಂಟೇ, ಮನೆಯಲ್ಲಿ ರಾತ್ರಿ ಜೊತೆಗೆ ಯಾರಿರುತ್ತಾರೆ ಎಂಬ ಪ್ರಶ್ನೆಗಳಾದವು. ಭಯ ಉಕ್ಕಿದರೆ ಮನಸ್ಸು ಹಿಂದಿರುಗಿ ನಿಲ್ಲಲು ಒಂದು ನೆಮ್ಮದಿಯ ತಾಣವನ್ನು ಆರಿಸಿಕೊಳ್ಳಬೇಕಿತ್ತು. ಮನೆ ಆಗದು, ಗುಡಿಯ ಒಳಾಂಗಣಕ್ಕೂ ಮೇಲೊಂದು ಮಾಳಿಗೆಯುಂಟು. ಆಕೆ ಆರಿಸಿದ್ದು ಸೊಲ್ಲಾಪುರದ ಸಿದ್ಧರಾಮನ ಕೆರೆಯ ದಂಡೆಯನ್ನು. ಹನ್ನೆರಡನೆಯ ಶತಮಾನದ ಆ ಶರಣನ ಕೆರೆಯ ಮೇಲೆ ಮುಗಿಲೊಂದೇ ಮಾಳಿಗೆ. ಮನೆಯಲ್ಲಿ ಮಾಡಿಕೊಳ್ಳಲೆಂದು ‘ಚಿಟ್ಟೆಯ ಅಪ್ಪುಗೆ’ಯನ್ನು ಕಲಿಸಿದರು: ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡವಾಗಿಟ್ಟು ಎಡಬಲ ಭುಜಗಳನ್ನು ಒಂದಾದ ಮೇಲೊಂದು ಮೆಲ್ಲಗೆ ತಟ್ಟುವುದು. 1997ರ ಚಂಡಮಾರುತದ ನಂತರ ಮೆಕ್ಸಿಕೋದ ಅಕಾಪುಲ್ಕೋದಲ್ಲಿ ಬದುಕುಳಿದ ಮಕ್ಕಳೊಂದಿಗೆ ಕೆಲಸ ಮಾಡುತ್ತ ಲೂಸಿನಾ ಆರ್ತಿಗಾಸ್ ರೂಪಿಸಿದ ವಿಧಾನ ಅದು.

ಬಚತ್ ಗಟದ ಒಬ್ಬಾಕೆ ಇದನ್ನು ನೋಡಿ, ‘ಇಷ್ಟೇನ? ದಿನಾ ರೊಟ್ಟಿ ಬಡಿತೀವಲ್ಲ, ಅದೂ ಇದೇ ಅಲ್ಲೇನ?’ ಎಂದಳಂತೆ. ಮಾತು ಚೆಂದ, ನಿಜವಲ್ಲ. ಹಾಗಿದ್ದರೆ ಇಪ್ಪತ್ತು ವರ್ಷ ರೊಟ್ಟಿ ಬಡಿದ ಕೈಗೆ ಮೊದಲೇ ಗುಣವಾಗಬೇಕಿತ್ತು. ಹೊರಗಿನಿಂದ ಬಂದದ್ದೆಲ್ಲ ಮೊದಲೇ ಇಲ್ಲಿತ್ತು ಎನ್ನುವ ಉತ್ಸಾಹ ಈ ಸೀಮೆಗೂ ಹೊಸದಲ್ಲ. ಅದರ ಮಗ್ಗುಲಲ್ಲೇ ಇನ್ನೊಂದು ಅಪಾಯ. ಮಗಳು ಮೊಬೈಲಿನಲ್ಲಿ ಎಡಬಲಕ್ಕೆ ಓಡುವ ಬಿಳಿ ಚುಕ್ಕೆಯ ವಿಡಿಯೋ ಹುಡುಕಿ ತೆಗೆದಳು. ಭೇಟಿಗಳ ನಡುವಿನ ಒಂದು ರಾತ್ರಿ ಆಕೆ ಅದನ್ನು ನೋಡುತ್ತ ತಾನೇ ಕಿಲ್ಲಾರಿಯನ್ನು ನೆನೆದಳು. ಬೆವರಿ, ವಾಂತಿಯಾಗಿ, ಕಟ್ಟೆಯ ಮೇಲೆ ಬೆಳಗು ಮಾಡಿದಳು. ಚುಕ್ಕೆ ಓಡಿಸಲು ಯಂತ್ರ ಸಾಕು. ನಿಲ್ಲಿಸುವುದು ಯಾವಾಗ ಎಂದು ತಿಳಿಯಲು ಎದುರಿಗೊಬ್ಬ ಮನುಷ್ಯರು ಬೇಕು.

ನಾಲ್ಕನೆಯ ಭೇಟಿಯಲ್ಲಿ ನಿಜವಾದ ಕೆಲಸ ಮೊದಲಾಯಿತು. ಈ ಪದ್ಧತಿಯಲ್ಲಿ ನೆನಪಿನ ಅತಿ ಕೆಟ್ಟ ಚಿತ್ರವನ್ನು ಆರಿಸಿದ ಮೇಲೆ ಒಂದು ವಾಕ್ಯವನ್ನು ಕೇಳುತ್ತಾರೆ. ಆ ಚಿತ್ರ ಕಣ್ಣ ಮುಂದೆ ಬಂದಾಗ ನಿನ್ನನ್ನು ನೀನು ಏನೆಂದು ಕರೆದುಕೊಳ್ಳುತ್ತೀ? ಆ ವಾಕ್ಯ ಕೊಡುವ ಸಂಕಟವನ್ನು ಸೊನ್ನೆಯಿಂದ ಹತ್ತರವರೆಗೆ ಅಳೆಯುತ್ತಾರೆ. ಆಕೆ ಮರಾಠಿಯಲ್ಲಿ, ಅವಳನ್ನು ಉಳಿಸಲು ತನ್ನಿಂದ ಆಗಲಿಲ್ಲ ಎಂಬ ಅರ್ಥದ ವಾಕ್ಯ ಹೇಳಿದಳು. ಸಂಕಟ ಎಷ್ಟು? ನಾಲ್ಕು. ಮೂವತ್ತು ವರ್ಷ ಮಾಳಿಗೆಯ ಕೆಳಗೆ ಮಲಗದವಳ ಸಂಕಟ ನಾಲ್ಕು! ಚಿಕಿತ್ಸಕಿಗೆ ಅನುಮಾನ ಬಂತು. ‘ತಾಈ, ಆ ಕತ್ತಲಲ್ಲಿ ನೀವು ಯಾವ ಭಾಷೆಯಲ್ಲಿ ಮಾತಾಡುತ್ತಿದ್ದಿರಿ?’ ಎಂದು ಕೇಳಿದರು. ಕನ್ನಡದಲ್ಲಿ ಎಂದಳು. ಹಾಗಾದರೆ ವಾಕ್ಯವನ್ನು ಕನ್ನಡದಲ್ಲಿಯೇ ಹೇಳಿರಿ. ‘ಮ್ಯಾಡಮ್, ನಿಮಗ ತಿಳಿಯೂದಿಲ್ಲ.’ ನನಗೆ ತಿಳಿಯಬೇಕಾಗಿಲ್ಲ, ಅಂಕಿಯನ್ನಷ್ಟೇ ಹೇಳಿರಿ ಎಂದರು ಅವರು.

ಈ ಚಿಕಿತ್ಸೆಯ ಬಗ್ಗೆ ಗಡಿನಾಡಿನ ಓದುಗರು ಗಮನಿಸಬೇಕಾದ ಸಂಗತಿ ಇದೇ. ಮಾತಿನ ಮೇಲೆಯೇ ನಿಂತ ಬೇರೆ ಚಿಕಿತ್ಸೆಗಳಲ್ಲಿ ವೈದ್ಯ ಮತ್ತು ರೋಗಿಯ ಭಾಷೆ ಬೇರೆಯಾದರೆ ಅರ್ಧ ದಾರಿಯಲ್ಲಿಯೇ ಸೇತುವೆ ಮುರಿಯುತ್ತದೆ. ಇಲ್ಲಿ ಕಥೆಯನ್ನು ಪೂರ್ಣ ಹೇಳಲೇಬೇಕೆಂಬ ನಿಯಮವಿಲ್ಲ. ಚಿತ್ರ, ವಾಕ್ಯ, ಸಂಕಟದ ಅಂಕಿ, ಅದು ಮೈಯಲ್ಲಿ ಎಲ್ಲಿ ಕುಳಿತಿದೆ ಎಂಬುದರ ಅರಿವು ರೋಗಿಯ ಒಳಗೆ ಇದ್ದರೆ ಸಾಕು. ಆದರೆ ಆ ವಾಕ್ಯ ನೆನಪು ಹುಟ್ಟಿದ ಭಾಷೆಯದೇ ಆಗಿರಬೇಕು. 2000ದಲ್ಲಿ ವಿಯೋರಿಕಾ ಮೇರಿಯನ್ ಮತ್ತು ಉಲ್ರಿಕ್ ನೈಸರ್ ಎಂಬ ಸಂಶೋಧಕರು ರಷ್ಯನ್ ಹಾಗೂ ಇಂಗ್ಲಿಷ್ ಎರಡನ್ನೂ ಬಲ್ಲವರನ್ನು ಪರೀಕ್ಷಿಸಿದರು. ರಷ್ಯನ್ ಭಾಷೆಯಲ್ಲಿ ಕೇಳಿದಾಗ ರಷ್ಯನ್ ಪರಿಸರದಲ್ಲಿ ನಡೆದ ಘಟನೆಗಳು, ಇಂಗ್ಲಿಷಿನಲ್ಲಿ ಕೇಳಿದಾಗ ಇಂಗ್ಲಿಷ್ ಪರಿಸರದವು ಹೆಚ್ಚಾಗಿ ನೆನಪಿಗೆ ಬಂದವು. ಪರಭಾಷೆಯಲ್ಲಿ ಆಡಿದ ದುಃಖ ಗಾಜಿನಾಚೆಯ ಮಳೆಯಂತೆ ಕಾಣುತ್ತದೆ, ತೋಯಿಸುವುದಿಲ್ಲ. ವ್ಯವಹಾರಕ್ಕೆ ಅದು ಅನುಕೂಲ, ಚಿಕಿತ್ಸೆಗೆ ಅಲ್ಲ.

ಕನ್ನಡದಲ್ಲಿ ಹೇಳಲು ಬಾಯಿ ತೆರೆದಾಗ ಆಕೆ ಯೋಚಿಸಿ ಇಟ್ಟಿದ್ದ ವಾಕ್ಯ ಬರಲಿಲ್ಲ. ಬಂದದ್ದು ಎರಡೇ ಶಬ್ದ: ‘ನಾ ಹೊಟ್ಟಿಬಾಕಿ.’ ಅಣ್ಣತಮ್ಮಂದಿರ ಪಾಲನ್ನೂ ತಿಂದ ಮಕ್ಕಳಿಗೆ ಈ ಕಡೆ ಮನೆಯಲ್ಲಿ ಬೈಯುವ ಮಾತು. ಆಯಿ ನಗುನಗುತ್ತ ಮೊಮ್ಮಗಳನ್ನು ಹಾಗೆ ಕರೆಯುತ್ತಿದ್ದಳು. ಸಂಕಟ ಎಷ್ಟು ಎಂದು ಕೇಳುವ ಅಗತ್ಯ ಬೀಳಲಿಲ್ಲ. ಆಕೆ ಎರಡೂ ಕೈಗಳ ಬೆರಳುಗಳನ್ನು ಬಿಚ್ಚಿ ತೋರಿಸಿದಳು.

ಯಾರಿಗೂ ತಿಳಿಯದೆ ಇದ್ದ ಸಂಗತಿ ಇಷ್ಟೇ. ರಾತ್ರಿ ತಲೆದೆಸೆಗೆ 
ಇಟ್ಟುಕೊಂಡಿದ್ದ ನೀರಿನ ತಂಬಿಗೆ ಹುಡುಗಿಯ ಕೈಯ ಹತ್ತಿರ ಉರುಳಿ ಬಿದ್ದಿತ್ತು. ತಳದಲ್ಲಿ ಎರಡು ಗುಟುಕು ನೀರು ಉಳಿದಿತ್ತು. ಹುಡುಗಿ ಅದನ್ನು ಕುಡಿದಳು. ಆಮೇಲೆ, ಎಷ್ಟು ಹೊತ್ತಿನ ಮೇಲೋ ಕತ್ತಲಲ್ಲಿ ಹೇಳುವಂತಿಲ್ಲ, ಆಯಿಯ ಧ್ವನಿ ಕೇಳಿತು: ‘ತಂಗಿ, ಒಂದ ಗುಟಕ ನೀರ ಕೊಡ.’ ಹುಡುಗಿ ‘ಕೊಡತೀನಿ ಆಯಿ’ ಎಂದಳು. ಕೊಡಲು ಏನೂ ಉಳಿದಿರಲಿಲ್ಲ. ನಡುವೆ ಮಣ್ಣಿನ ಗುಡ್ಡೆ. ಉಳಿದಿದ್ದರೂ ಕೈ ಮುಟ್ಟುತ್ತಿರಲಿಲ್ಲ. ಆ ಎರಡನೆಯ ಮಾತನ್ನು ಒಂಬತ್ತು ವರ್ಷದ ಮನಸ್ಸು ಲೆಕ್ಕಕ್ಕೆ ಹಿಡಿಯಲಿಲ್ಲ. ‘ನೀನು ಆಗ ಮಗು, ನಿನ್ನಿಂದೇನಾಗುತ್ತಿತ್ತು’ ಎಂದು ಮೂವತ್ತು ವರ್ಷ ಎಲ್ಲರೂ ಸಂತೈಸಿದ್ದು ಉಳಿಸಲಾಗದ ತಪ್ಪಿಗೆ. ಆಕೆ ಒಳಗೆ ಹೊತ್ತಿದ್ದದ್ದು ಕುಡಿದ ತಪ್ಪನ್ನು. ಸಾಂತ್ವನ ಬೇರೆ ವಿಳಾಸಕ್ಕೆ ಹೋಗುತ್ತಿತ್ತು.

ಚಿಕಿತ್ಸಕಿ ಎರಡು ಬೆರಳುಗಳನ್ನು ಆಕೆಯ ಕಣ್ಣೆದುರು ಎಡಬಲಕ್ಕೆ ಆಡಿಸಿದರು. ಒಂದು ಸರಣಿಯಲ್ಲಿ ಸುಮಾರು ಇಪ್ಪತ್ತನಾಲ್ಕು ಸಲ, ಅರ್ಧ ನಿಮಿಷದ ಆಸುಪಾಸು. ನಿಲ್ಲಿಸಿ, ಉಸಿರು ಬಿಡಿಸಿ, ಈಗ ಏನು ಬಂತು ಎಂದು ಕೇಳುವುದು. ಬಂದದ್ದನ್ನು ವಿಮರ್ಶಿಸದೆ ಮತ್ತೆ ಬೆರಳು. ಮೊದಲು ಬಂದದ್ದು ತೊಯ್ದ ಮಣ್ಣಿನ ವಾಸನೆ. ಆಮೇಲೆ ಗಂಟಲಿನಲ್ಲಿ ಬಿಗಿತ. ಕೌದಿಯ ಕೆಂಪು ತುಂಡು. ಲೇಜಿಮಿನ ಸದ್ದು. ನಡುವೆ ಏನೂ ಸಂಬಂಧವಿಲ್ಲದಂತೆ ಒಲೆಯ ಮುಂದೆ ಕುಳಿತು ಆಯಿ ರೊಟ್ಟಿ ಬಡಿಯುವುದು, ಮೊದಲ ರೊಟ್ಟಿಯನ್ನು ಮೊಮ್ಮಗಳ ಕೈಗೆ ಕೊಟ್ಟು ‘ತಿನ್ನ, ಹೊಟ್ಟಿಬಾಕಿ’ ಎನ್ನುವುದು. ಆಕೆ ಎಲ್ಲವನ್ನೂ ಕನ್ನಡದಲ್ಲಿಯೇ ಹೇಳಿದಳು. ಕನ್ನಡ ಅರಿಯದ ಚಿಕಿತ್ಸಕಿ ಮುಖವನ್ನೂ ಉಸಿರನ್ನೂ ನೋಡುತ್ತ ತಲೆದೂಗಿದರು. ಕಣ್ಣು ಸೋತಾಗ ಬೆರಳು ಬಿಟ್ಟು ಅಂಗೈಗಳ ಹಿಂಬದಿಯನ್ನು ಎಡಬಲ ತಟ್ಟಿದರು. ಮೊದಲ ದಿನ ಹತ್ತು ಏಳಕ್ಕೆ ಇಳಿದು ನಿಂತಿತು. ಬಸ್ಸಿನಲ್ಲಿ ಕುಂಭಾರಿ, ವಳಸಂಗ ದಾಟಿದ್ದು ಆಕೆಗೆ ತಿಳಿಯಲೇ ಇಲ್ಲ, ಅಷ್ಟು ನಿದ್ರೆ. ಬಸ್ಸಿಗೂ ಮಾಳಿಗೆಯುಂಟು ಎಂಬುದು ಆಮೇಲೆ ಹೊಳೆಯಿತು.

ಇದೇನು ನೇರ ಇಳಿಜಾರಾಗಿರಲಿಲ್ಲ. ಮುಂದಿನ ವಾರ ಏಳು ಮತ್ತೆ ಒಂಬತ್ತಾಯಿತು. ಆ ವಾರ ಮನೆಯಲ್ಲಿ ಎಲ್ಲರ ಮೇಲೂ ಸಿಡುಕಿದಳು. ಬಸ್ಸು, ಚಿಕಿತ್ಸೆ, ಖರ್ಚು ಎಲ್ಲವೂ ಸಾಕೆಂದಳು. ಹೋಗುವಂತೆ ಒತ್ತಾಯಿಸಿದವನು ಪತಿ. ಅಂಗಡಿಯ ಗಲ್ಲೆಯಿಂದ ಹಣ ತೆಗೆದುಕೊಡುತ್ತ, ‘ಹೋಗಿ ಬಾ, ಅರ್ಧ ಹಾದಿ ಬಂದೀದಿ’ ಎಂದನಂತೆ.

ಏಳನೆಯ ಭೇಟಿಯಲ್ಲಿ ಒಂದು ಹೊಸ ಸಂಗತಿ ಬಂತು. ನೀರು ಕೇಳಿದ್ದೇ ಆಯಿಯ ಕೊನೆಯ ಮಾತೆಂದು ಆಕೆ ತಿಳಿದಿದ್ದಳು. ಬೆರಳು ನಿಂತಾಗ ಅದರ ಮುಂದಿನ ಧ್ವನಿಯೊಂದು ಕೇಳಿತು: ‘ಹೂಂ, ಮಲಕೋ. ಮುಂಜಾನಿ ಆಗತದ.’ ಇದು ಮೂವತ್ತು ವರ್ಷ ಮಣ್ಣಿನಡಿ ಹೂತುಹೋಗಿದ್ದ ನಿಜವಾದ ನೆನಪೋ, ಬಳಲಿದ ಮನಸ್ಸು ತನಗೆ ತಾನೇ ಕಟ್ಟಿಕೊಟ್ಟ ಸಮಾಧಾನವೋ ಹೇಳಬಲ್ಲವರಾರೂ ಇಲ್ಲ. ಚಿಕಿತ್ಸೆಯ ನಡುವೆ ಹೊಳೆದದ್ದನ್ನೆಲ್ಲ ನಡೆದದ್ದೆಂದು ನಂಬುವುದು ಅಪಾಯಕರವೆಂದು ಮನಶ್ಶಾಸ್ತ್ರದಲ್ಲಿ ದೊಡ್ಡ ಚರ್ಚೆಯೇ ಉಂಟು. ಚಿಕಿತ್ಸಕಿ ಅದನ್ನು ನಿಜವೆಂದೂ ಅನ್ನಲಿಲ್ಲ, ಸುಳ್ಳೆಂದೂ ಅನ್ನಲಿಲ್ಲ. ಬೆರಳು ಎತ್ತಿ ಮುಂದಿನ ಸರಣಿಗೆ ಹೋದರು. ಅದು ಸರಿಯಾದ ನಡೆ. ಆಕೆಗೆ ಆ ಧ್ವನಿಯ ವಿಷಯದಲ್ಲಿ ಸಂದೇಹವಿಲ್ಲ.

ಸಂಕಟ ಒಂದಕ್ಕೆ ಇಳಿದ ಮೇಲೆ ಹಳೆಯ ವಾಕ್ಯದ ಜಾಗದಲ್ಲಿ ಇಡಲು ಹೊಸದೊಂದು ವಾಕ್ಯ ಬೇಕಾಗುತ್ತದೆ. ಇದಕ್ಕೆ ಸಿದ್ಧ ಪಟ್ಟಿಗಳಿವೆ: ನಾನು ಒಳ್ಳೆಯವಳು, ನನ್ನಿಂದ ಆದಷ್ಟು ಮಾಡಿದೆ, ಈಗ ನಾನು ಸುರಕ್ಷಿತಳು. ಮರಾಠಿಯಲ್ಲಿ ಓದಿ ಹೇಳಿದರು. ಆಕೆ ಯಾವುದನ್ನೂ ಒಪ್ಪಲಿಲ್ಲ. ಮಂದಿಯ ಸೀರೆ ಉಟ್ಟಂತೆ ಅನಿಸಿತು. ಬಹಳ ಹೊತ್ತು ಸುಮ್ಮನಿದ್ದು ತನ್ನದೇ ಒಂದನ್ನು ಹೇಳಿದಳು: ‘ನನಗೂ ನೀರಡಿಸಿತ್ತ.’ ಅದನ್ನು ಒಂದರಿಂದ ಏಳರವರೆಗೆ ಎಷ್ಟು ನಂಬುತ್ತೀರಿ ಎಂದು ಕೇಳುವುದು ಪದ್ಧತಿ. ಏಳು ಎಂದಳು. ಅದರ ಅರ್ಥವನ್ನು ಚಿಕಿತ್ಸಕಿ ಅಂದು ಮೊದಲ ಸಲ ಕೇಳಿದರು. ಆಕೆ ಮರಾಠಿಯಲ್ಲಿ ತಿಳಿಸಿದಳು. ಕಡತದಲ್ಲಿ ಆ ವಾಕ್ಯ ದೇವನಾಗರಿ ಅಕ್ಷರಗಳಲ್ಲಿ ಕನ್ನಡವಾಗಿಯೇ ಬರೆಯಲ್ಪಟ್ಟಿದೆ. ಅದರ ಕೆಳಗೆ ಇನ್ನೊಂದು ಟಿಪ್ಪಣಿ: ಆಯಿ, ಅಂದರೆ ಆಜೀ.

ಎಲ್ಲರಿಗೂ ಹನ್ನೊಂದು ಭೇಟಿಗಳಲ್ಲಿ ಇಷ್ಟಾಗುವುದಿಲ್ಲ. ಕೆಲವರಿಗೆ ಬೇರೆ ಚಿಕಿತ್ಸೆ, ಔಷಧಿ ಬೇಕಾಗುತ್ತದೆ. ತರಬೇತಿ ಪಡೆದವರು ಜಿಲ್ಲೆಗಳಲ್ಲಿ ವಿರಳ, ಕನ್ನಡ ಬಲ್ಲವರು ಇನ್ನೂ ವಿರಳ. ಎಲ್ಲಿಂದ ಮೊದಲುಮಾಡಬೇಕೆಂದು ತಿಳಿಯದವರಿಗೆ 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ-ಮಾನಸ್ ಎಂಬ ಉಚಿತ ದೂರವಾಣಿ ಸೇವೆ ಇದೆ, ಸಂಖ್ಯೆ 14416. ಅಲ್ಲಿ ಕಣ್ಣಿನ ಚಿಕಿತ್ಸೆ ದೊರೆಯುವುದಿಲ್ಲ, ದಾರಿ ತಿಳಿಯುತ್ತದೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಮಹಾರಾಷ್ಟ್ರದಲ್ಲಿ ಕುಳಿತು ಕರೆಮಾಡುವವರು ನಾಚದೆ ಅದನ್ನು ಕೇಳಬೇಕು.

2023ರ ಸಪ್ಟಂಬರ 28ರಂದು ಅನಂತ ಚತುರ್ದಶಿ. ಸಂಜೆ ಓಣಿಯಲ್ಲಿ ಹಲಗಿ ಬಂದಾಗ ಆಕೆ ಬಾಗಿಲಲ್ಲಿ ನಿಂತಿದ್ದಳು. ಬಾಯಲ್ಲಿ ಮಣ್ಣಿನ ರುಚಿ ಬರಲಿಲ್ಲವೇ ಎಂದರೆ, ಬಂತು, ನಿಲ್ಲಲಿಲ್ಲ ಎನ್ನುತ್ತಾಳೆ. ಅಂದು ರಾತ್ರಿ ಮಗಳಿಗೆ ತಂಬಿಗೆಯ ಸಂಗತಿಯನ್ನು ಮೊದಲ ಸಲ ಹೇಳಿದಳು. ಮಗಳು ಹತ್ತನೆಯ ಇಯತ್ತೆ, ಮರಾಠಿ ಮಾಧ್ಯಮ. ಎಲ್ಲ ಕೇಳಿ ಅತ್ತು, ಕೊನೆಗೆ ‘ಯವ್ವಾ, ಹೊಟ್ಟಿಬಾಕಿ ಅಂದ್ರ ಏನ?’ ಎಂದು ಕೇಳಿದಳು. ತಾಯಿ ‘ಖಾದಾಡ’ ಎಂದು ಮರಾಠಿಯಲ್ಲಿ ಹೇಳಬೇಕಾಯಿತು. ಆ ಶಬ್ದ ಕಿವಿಗೆ ಬಿದ್ದದ್ದೇ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಈಗ ಪಡಸಾಲೆಯಲ್ಲಿ, ಬಾಗಿಲು ತೆರೆದಿಟ್ಟು, ಮಾಳಿಗೆಯ ಕೆಳಗೆ ಮಲಗುತ್ತಾಳೆ. ಒಳಕೋಣೆ ಮತ್ತು ಅದರ ಚಿಲಕ ಇನ್ನೂ ಉಳಿದಿವೆ. ಅದಕ್ಕಾಗಿ ದೀಪಾವಳಿ ಕಳೆದ ಮೇಲೆ ಮತ್ತೆ ಎರಡು ಭೇಟಿಗಳೆಂದು ಚಿಕಿತ್ಸಕಿ ದಿನ ಗೊತ್ತುಮಾಡಿದ್ದಾರೆ.